ಐದನೇ ನಂಬರಿನ ಕೊಳೆ

ಕ್ಲಬ್ಬಿನ ಅಧ್ಯಕ್ಷರಿಗೆ ಬರುತ್ತಿದ್ದದ್ದು ಒಂದೇ ಒಂದು ಭಾಷಣ. ಬಹುಮಾನ ಹಂಚುವಾಗಲೂ ಅದೇ, ಹೊಸ ಬೆಂಚು ಹಾಕಿಸಿದಾಗಲೂ ಅದೇ, ಹಳೆಯ ಸದಸ್ಯರು ಯಾರಾದರೂ ಸತ್ತು ಸಂತಾಪ ಸಭೆ ಕರೆದಾಗಲೂ ಅದೇ. ಫುಟ್‌ಬಾಲ್ ಮನುಷ್ಯನ ಚಾರಿತ್ರ್ಯವನ್ನು ರೂಪಿಸುತ್ತದೆ, ಕಷ್ಟ ಅದಕ್ಕೆ ಹೊಳಪು ಕೊಡುತ್ತದೆ. ಇಷ್ಟು ಹೇಳಿ ಎರಡೂ ಕೈ ಮುಂದೆ ಚಾಚುತ್ತಿದ್ದರು. ನುಣ್ಣನೆಯ ದಪ್ಪ ಕೈ. ಬಲಗೈಯ ಉಂಗುರದ ಬೆರಳಿಗೆ ಅಗಲವಾದ ಉಂಗುರ. ಆ ಕೈ ಒಂದು ಬಕೆಟ್ ನೀರು ಎತ್ತಿದ್ದನ್ನು ಯಾರೂ ಕಂಡಿಲ್ಲ.

ಭಾಷಣ ಸಾಲದೆಂದು ಆ ಮಾತನ್ನು ಬಟ್ಟೆಯ ಮೇಲೆ ಬರೆಸಿ ಗ್ಯಾಲರಿಯ ನೆತ್ತಿಗೆ ಕಟ್ಟಿಸುವ ಹುಕಿ ಬಂತು ಅವರಿಗೆ. ಹತ್ತಿದವನು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಆಳು. ಏಣಿ ಹಿಡಿಯಲು ಇನ್ನೊಬ್ಬನನ್ನು ಕೊಡಿ ಎಂದು ಕೇಳಿದ. ಹುಷಾರಾಗಿ ಹತ್ತು, ಏನಾಗಲ್ಲ ಅಂದರು. ನಾಲ್ಕು ಮೂಲೆಯಲ್ಲಿ ನಾಲ್ಕು ಗಂಟು ಹಾಕಿ ಮುಗಿಸಿದ ಮೇಲೆ ಏಣಿ ಜಾರಿತು. ಸೊಂಟ ಮುರಿಯಿತು. ಆಸ್ಪತ್ರೆಯಲ್ಲಿದ್ದವನಿಗೆ ಕ್ಲಬ್ಬಿನಿಂದ ಕಾಗದ ಬಂತು. ಬ್ಯಾನರ್ ಕಟ್ಟುವುದು ನಿನ್ನ ಕೆಲಸದ ಪಟ್ಟಿಯಲ್ಲಿಲ್ಲ, ನೀನಾಗಿಯೇ ಹತ್ತಿದ್ದೀಯ, ಕ್ಲಬ್ಬಿಗೆ ಸಂಬಂಧವಿಲ್ಲ ಎಂದು. ನೀನಾಗಿಯೇ ಅಂತೆ. ಗ್ಯಾಲರಿಯ ನೆತ್ತಿ ಹತ್ತುವ ಚಪಲ ಅವನಿಗೆ ಹುಟ್ಟಿನಿಂದ ಇತ್ತು ನೋಡಿ. ಅವನು ಮನೆಯ ಮಂಚಕ್ಕೆ ಬಿದ್ದು ಏಳು ವರ್ಷವಾದರೂ ಬ್ಯಾನರಿನ ಗಂಟು ಮಾತ್ರ ಒಂದೂ ಬಿಚ್ಚಿಕೊಳ್ಳಲಿಲ್ಲ.

ಈ ಕಥೆ ಅವನ ಮಗಳದು. ವಯಸ್ಸು ಹದಿನೇಳು. ಮೈದಾನದಲ್ಲಿ ಅವಳಿಗೆ ಜಿಗಣೆ ಅನ್ನುತ್ತಿದ್ದರು.

ಗಂಡ ಹಾಸಿಗೆ ಹಿಡಿದ ಮೇಲೆ ಜಿಗಣೆಯ ಅಮ್ಮ ಕ್ಲಬ್ಬಿನ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಒಗೆಯುವ ಕೋಣೆ ಗ್ಯಾಲರಿಯ ಬೆನ್ನಿಗಿತ್ತು. ಕಿಟಕಿಯಿಲ್ಲ, ಒಂದು ಬಾಗಿಲು. ಮೂರು ಸಿಮೆಂಟಿನ ತೊಟ್ಟಿ, ಒಂದು ನಲ್ಲಿ, ನೀರು ಕಾಯಿಸುವ ಒಂದು ಹಂಡೆ. ಮೂಲೆಯಲ್ಲಿ ಒಂದು ಒಗೆಯುವ ಮಿಷನ್ನೂ ಇತ್ತು, ಕೆಟ್ಟು ಎಷ್ಟೋ ಕಾಲವಾಗಿ ಅದರ ಮೇಲೆ ಸೋಪಿನ ಡಬ್ಬ ಕೂತಿತ್ತು. ರಿಪೇರಿ ಮಾಡಿಸಿ ಅಂದರೆ ಗುಮಾಸ್ತ, "ನೀನು ಇದೀಯಲ್ಲಮ್ಮ" ಅನ್ನುತ್ತಿದ್ದ. ಹೊಗಳಿಕೆ ಅನ್ನುವ ಹಾಗೆ.

ಬಿಳಿ ಅಂಗಿಗಳು. ನೀಲಿ ಅಂಚು. ಕೆಸರಿನಲ್ಲಿ ಆಡುವ ಆಟಕ್ಕೆ ಬಿಳಿ ಅಂಗಿ ಹೊಲಿಸಿದ ಪುಣ್ಯಾತ್ಮ ಯಾವನೋ, ಅವನು ಜನ್ಮದಲ್ಲಿ ಒಂದು ಕರ್ಚೀಪು ಒಗೆದವನಲ್ಲ. ಬ್ಲೀಚಿಂಗ್ ಪುಡಿಯಲ್ಲಿ ಅದ್ದಿ ಅದ್ದಿ ಅಮ್ಮನ ಬೆರಳಸಂದಿಯ ಚರ್ಮ ಸುಲಿದುಹೋಗಿತ್ತು. ಚಳಿಗಾಲದಲ್ಲಿ ಬಿರುಕು ಬಿಟ್ಟು ನೀರು ಸೋರುತ್ತಿತ್ತು. ತಟ್ಟೆಗೆ ಕೈ ಹಾಕಿದರೆ ಉಪ್ಪು ತಾಗಿ ಚುರುಗುಟ್ಟುತ್ತಿತ್ತು, ಅದಕ್ಕೆ ಚಮಚದಲ್ಲಿ ತಿನ್ನುತ್ತಿದ್ದಳು. ರಬ್ಬರ್ ಕೈಗವಸು ಕೊಡಿಸಿ ಎಂದು ಕೇಳಿದಳು. ಬರೆದು ಕೊಡು ಅಂದ ಗುಮಾಸ್ತ. ಅವಳಿಗೆ ಬರೆಯಲು ಬಾರದು, ಮಗಳು ಬರೆದುಕೊಟ್ಟಳು. ಮೂರು ಸಲ ಬರೆದುಕೊಟ್ಟಳು. ಮೂರೂ ಅವನ ಡ್ರಾಯರಿನಲ್ಲಿ ಒಂದರ ಮೇಲೊಂದು ಮಲಗಿದ್ದವು.

ಸ್ಕೂಲು ಮುಗಿಸಿ ಬಂದು ಜಿಗಣೆ ತೊಟ್ಟಿಗೆ ಇಳಿಯುತ್ತಿದ್ದಳು. ಪ್ಯಾಂಟು ಮಂಡಿವರೆಗೆ ಮಡಚಿ ಕಾಲಿನಿಂದ ತುಳಿಯುವುದು ಅವಳ ಪಾಲು. ತೊಡೆ ಗಟ್ಟಿಯಾದದ್ದು ಅಲ್ಲಿ. ಅಮ್ಮ ಒಂದೊಂದೇ ಅಂಗಿ ಬಿಡಿಸಿ ನೋಡಿ, ಕಲೆಗೆ ತಕ್ಕ ಹಾಗೆ ವಿಂಗಡಿಸುತ್ತಿದ್ದಳು. ಪಂದ್ಯ ನೋಡಲು ಅವಳಿಗೆ ಬಿಡುವೇ ಇರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ.

"ಇಲ್ನೋಡು, ಒಂಬತ್ತನೇ ನಂಬರು. ಮೊಣಕೈ ಬೆಳ್ಳಗಿದೆ, ಕುಂಡಿ ಕಡೆ ಅಂಚು ಕಪ್ಪಗಿದೆ. ಯಾರೂ ಮುಟ್ಟದೇ ಇದ್ರೂ ಬಿದ್ದು ನಾಟಕ ಆಡಿದಾಳೆ. ಇದು ಹತ್ತನೇದು. ಭುಜದಲ್ಲಿ ಹುಲ್ಲಿನ ಹಸಿರು. ಪಾಪ, ಇವಳು ಆಡಿದಾಳೆ ಕಣೇ. ಇದಕ್ಕೆ ಸ್ವಲ್ಪ ಜಾಸ್ತಿ ಸೋಪು ಹಾಕು."

"ಐದನೇದು?"

ಅಮ್ಮ ಐದನೇ ನಂಬರನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದಳು. "ಸೆಂಟು" ಎಂದು ತೊಟ್ಟಿಯ ಅಂಚಿಗೆ ಎಸೆಯುತ್ತಿದ್ದಳು. "ಇದನ್ನ ಒಗೆಯೋದೇ ದಂಡ. ಗಾಳಿಗೆ ಹಾಕಿದ್ರೆ ಸಾಕು."

ಐದನೇ ನಂಬರು ಅಧ್ಯಕ್ಷರ ಮಗಳು. ಹಿಂದೆ ನಿಂತು ಗೋಲು ಕಾಯುವ ಡಿಫೆಂಡರ್. ಎದುರಿನವಳು ಚೆಂಡು ತಂದರೆ ದಾರಿ ಬಿಟ್ಟುಕೊಡುತ್ತಿದ್ದಳು, ಬಾಗಿಲು ತೆಗೆದು ನೆಂಟರನ್ನು ಒಳಗೆ ಕರೆದ ಹಾಗೆ. ಆದರೂ ಅವಳಿಲ್ಲದೆ ತಂಡವಿಲ್ಲ. ಯಾಕೆ ಅಂತ ಕೇಳುವ ಧೈರ್ಯ ಕೋಚಿಗೂ ಇರಲಿಲ್ಲ.

ಜಿಗಣೆ ಆಡುತ್ತಿದ್ದದ್ದು ಆ ತಂಡದ ಎದುರಿಗೆ. ಕ್ಲಬ್ಬಿನ ಹುಡುಗಿಯರಿಗೆ ಅಭ್ಯಾಸ ಮಾಡಲು ಎದುರಾಳಿ ಬೇಕಲ್ಲ. ಅಡುಗೆಯವಳ ಮಗಳು, ಕಾವಲುಗಾರನ ಇಬ್ಬರು ಮಕ್ಕಳು, ಹುಲ್ಲು ಕತ್ತರಿಸುವವನ ತಂಗಿ, ಹೀಗೆ ಕೆಲಸದವರ ಮನೆ ಹುಡುಗಿಯರನ್ನೆಲ್ಲ ಗುಡ್ಡೆ ಹಾಕಿ, ತೋಳಿಲ್ಲದ ಹಳದಿ ಬನಿಯನ್ ಕೊಟ್ಟು ನಿಲ್ಲಿಸುತ್ತಿದ್ದರು. ಬನಿಯನ್ನಿಗೆ ನಂಬರಿಲ್ಲ. ಆಡುವವರಿಗೆ ಹೆಸರಿಲ್ಲ. "ಹಳದಿಯವರು ಬನ್ನಿ" ಅಂದರೆ ಬರಬೇಕು, "ಹಳದಿಯವರು ಹೋಗಿ" ಅಂದರೆ ಹೋಗಬೇಕು. ಜೋರಾಗಿ ಕಾಲು ಹಾಕಬಾರದು. ಗೆಲ್ಲಬಾರದು. ಕೋಚ್ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗೆಲ್ಲುವ ಹೊತ್ತಿಗೆ ಸೀಟಿ ಊದುತ್ತಿದ್ದ.

ಜಿಗಣೆಗೆ ಆ ಸೀಟಿ ಕೇಳಿಸುತ್ತಿರಲಿಲ್ಲ. ಯಾರಿಗೆ ಅಂಟಿಕೊಂಡಳೋ ಅವರನ್ನು ಬಿಡುತ್ತಿರಲಿಲ್ಲ. ಐದನೇ ನಂಬರು ಒಂದು ದಿನ, "ಛೀ, ಜಿಗಣೆ ಥರ ಅಂಟ್ಕೊಳ್ತಾಳೆ, ಮೈಯೆಲ್ಲ ಸೋಪಿನ ವಾಸನೆ" ಎಂದು ಮೂಗು ಮುರಿದಳು. ಬಯ್ಯಲು ಇಟ್ಟ ಹೆಸರನ್ನು ಹುಡುಗಿ ಎತ್ತಿ ಜೇಬಿಗೆ ಹಾಕಿಕೊಂಡಳು. ಯಾರಾದರೂ ನಿಜವಾದ ಹೆಸರಿನಿಂದ ಕರೆದರೆ ತಿರುಗಿ ನೋಡುವುದನ್ನೇ ಮರೆತಳು.

ಆಟ ಕಲಿಸಿದವನು ಅಪ್ಪ, ಮಂಚದ ಮೇಲಿಂದ. ಹನ್ನೆರಡು ವರ್ಷ ಗೆರೆಯಂಚಿನಲ್ಲಿ ಸುಣ್ಣದ ಡಬ್ಬ ಹಿಡಿದು ನಿಂತವನು ಅವನು. ಕೋಚುಗಳು ಬಂದರು ಹೋದರು, ಆಟವನ್ನು ಅಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿರಲಿಲ್ಲ.

"ಮುಖ ನೋಡ್ಬೇಡ ಮಗಾ. ಕಣ್ಣಂತೂ ನೋಡ್ಲೇಬೇಡ. ಕಣ್ಣು ಎಡಕ್ಕೆ ತೋರಿಸ್ತವೆ, ಕಾಲು ಬಲಕ್ಕೆ ಹೋಗ್ತವೆ. ಸೊಂಟ ನೋಡು. ಸೊಂಟ ತಿರುಗದೇ ಯಾರೂ ತಿರುಗೋಕಾಗಲ್ಲ." ಹಾಗೆ ಹೇಳಿ ಒಂದು ಪಕ್ಕಕ್ಕೆ ಹೊರಳಲು ಹೋಗಿ ಹಲ್ಲು ಕಚ್ಚುತ್ತಿದ್ದ. "ನನ್ನ ಬಿಟ್ಟು" ಎಂದು ನಗುತ್ತಿದ್ದ.

ಅವಳಿಗೆ ಬೇಕಾಗಿದ್ದದ್ದು ಒಂದೇ. ಒಂದು ಕಾರ್ಡು. ತನ್ನ ಫೋಟೋ ಅಂಟಿಸಿದ, ತನ್ನ ಹೆಸರು ಬರೆದ, ಮೊಹರು ಒತ್ತಿದ ಆಟಗಾರ್ತಿಯ ಕಾರ್ಡು. ಅದಿದ್ದರೆ ಪಂದ್ಯ ಆಡಬಹುದು. ಇಲ್ಲದಿದ್ದರೆ ಸಾಯುವವರೆಗೂ ಹಳದಿ. ಕ್ಲಬ್ಬಿನ ನಿಯಮದ ಪುಸ್ತಕದಲ್ಲಿ ಸಿಬ್ಬಂದಿಯೂ ಅವರ ಕುಟುಂಬದವರೂ ರಿಜಿಸ್ಟರಿಗೆ ಸೇರತಕ್ಕದ್ದಲ್ಲ ಎಂದಿತ್ತು. ಯಾಕೆ ಎಂದು ಬರೆದಿರಲಿಲ್ಲ. ಅಂಥ ಪುಸ್ತಕಗಳಲ್ಲಿ ಯಾಕೆ ಎಂಬುದು ಇರುವುದಿಲ್ಲ.

ಆ ವರ್ಷ ಕ್ಲಬ್ಬಿನ ತಂಡ ಫೈನಲ್ ತಲುಪಿತು. ಎದುರಿಗೆ ಗಿರಣಿಯ ತಂಡ. ನೂಲಿನ ವಿಭಾಗದಲ್ಲಿ ದುಡಿಯುವ ಹುಡುಗಿಯರು. ಅವರ ಮುಂದಾಳು ಒಬ್ಬಳಿದ್ದಳು, ಎತ್ತರ, ಅಗಲ, ಹೆಗಲ ಮೇಲೆ ನೂಲಿನ ಪೆಟ್ಟಿಗೆ ಹೊತ್ತು ಗಟ್ಟಿಯಾದವಳು. ಎಲ್ಲರೂ ಅವಳನ್ನು ಗಿರಣಿಯಕ್ಕ ಅನ್ನುತ್ತಿದ್ದರು. ಹಿಂದಿನ ವರ್ಷ ಅವಳು ಚೆಂಡಿನ ಜೊತೆ ಬಂದದ್ದನ್ನು ಕಂಡು ಐದನೇ ನಂಬರು ಪಕ್ಕಕ್ಕೆ ಹಾರಿದ್ದಳು. ಈ ವರ್ಷ ಫೈನಲ್ಲಿಗೆ ಮೂರು ದಿನ ಇರುವಾಗಲೇ ಅವಳಿಗೆ ಹೊಟ್ಟೆನೋವು ಶುರುವಾಯಿತು.

ಹಾಗಂತ ಹೆಸರು ತೆಗೆಸುವ ಹಾಗಿರಲಿಲ್ಲ. ಯಾವುದೋ ದೊಡ್ಡ ಕಾಲೇಜಿಗೆ ಅರ್ಜಿ ಹೋಗಿತ್ತು. ಫೈನಲ್ ಆಡಿದ ಪ್ರಮಾಣಪತ್ರ ಬೇಕಿತ್ತು. ಹೊಟ್ಟೆನೋವೂ ಇರಬೇಕು, ಪ್ರಮಾಣಪತ್ರವೂ ಬರಬೇಕು.

ಕೋಚ್ ಒಗೆಯುವ ಕೋಣೆಗೆ ಬಂದದ್ದು ಅದೇ ಮೊದಲು. ಹಿಂದೆ ಅಧ್ಯಕ್ಷರು. ಒದ್ದೆ ನೆಲಕ್ಕೆ ಷೂ ತಾಗದಂತೆ ಹೊಸಿಲ ಹೊರಗೇ ನಿಂತರು. ಜಿಗಣೆ ತೊಟ್ಟಿಯಲ್ಲಿ ತುಳಿಯುತ್ತಿದ್ದಳು.

"ನೋಡಮ್ಮಾ," ಅಂದರು ಅಧ್ಯಕ್ಷರು, ಬೆಣ್ಣೆಯಂಥ ದನಿಯಲ್ಲಿ. "ನೀನೂ ಅವಳೂ ಒಂದೇ ಎತ್ತರ. ಕೂದಲೂ ಗಿಡ್ಡ. ತಲೆಗೆ ಪಟ್ಟಿ ಕಟ್ಟಿದ್ರೆ ಯಾರಿಗೆ ಗೊತ್ತಾಗತ್ತೆ? ಒಂದು ಮ್ಯಾಚ್ ಅವಳ ಹೆಸರಲ್ಲಿ ಆಡು. ಮುಂದಿನ ಸೀಸನ್ನಿಗೆ ನಿನ್ನ ಕಾರ್ಡ್ ನಾನೇ ಮಾಡಿಸ್ತೀನಿ. ನಾನು ಮಾತು ಕೊಟ್ರೆ ತಪ್ಪಲ್ಲ."

ಅವಳು ಅವರ ಕಣ್ಣು ನೋಡಿದಳು. ಕಣ್ಣಿನಲ್ಲಿ ನೀರಿತ್ತು, ಎಷ್ಟೊಂದು ಪ್ರೀತಿ. ಹೂಂ ಅಂದುಬಿಟ್ಟಳು. ಅವರು ಹೋದ ಮೇಲೆ ನೆನಪಾಯಿತು, ಮಾತಾಡುವ ಉದ್ದಕ್ಕೂ ಅವರ ಸೊಂಟ ಹೊರಗಿನ ದಾರಿಗೆ ತಿರುಗಿತ್ತು. ಮೈದಾನದಲ್ಲಿ ಎಂದೂ ಮಾಡದ ತಪ್ಪು. ಕಣ್ಣಿನ ನೀರೂ ಬ್ಲೀಚಿಂಗ್ ಪುಡಿಯ ಘಾಟಿಗೆ ಬಂದದ್ದು. ಅಲ್ಲಿ ಯಾರು ನಿಂತರೂ ಬರುತ್ತದೆ.

ಅಮ್ಮ ತಲೆ ಎತ್ತದೆ ಅಂಗಿ ಹಿಂಡುತ್ತಿದ್ದಳು. "ಕಾರ್ಡು ಬರಲ್ಲ ಕಣೇ" ಅಂದಳು. "ಆಡೋ ಆಸೆಗೆ ಆಡ್ತೀಯಾದ್ರೆ ಆಡು. ಕಾರ್ಡಿನ ಆಸೆಗೆ ಆಡ್ಬೇಡ."

"ಬರತ್ತೆ ಬಿಡಮ್ಮ. ಅಷ್ಟು ದೊಡ್ಡ ಮನುಷ್ಯ."

"ದೊಡ್ಡ ಮನುಷ್ಯನೇ. ನಿಮ್ಮಪ್ಪನ್ನ ಕೇಳು ಎಷ್ಟು ದೊಡ್ಡವನು ಅಂತ."

ಅಪ್ಪನನ್ನು ಅವಳು ಕೇಳಲಿಲ್ಲ. ಕೇಳಿದರೆ ಬೇಡ ಅಂದಾನು ಅನ್ನುವ ಭಯ. ಗಿರಣಿಯಕ್ಕನ ಎದುರು ನಿಲ್ಲಬೇಕು ಎಂದಷ್ಟೇ ಹೇಳಿದಳು. ಅವನು ಮೊಣಕೈ ಊರಿ ಮಂಚದ ಮೇಲೆ ಅರ್ಧ ಎದ್ದ. ಎರಡು ಲೋಟ, ಒಂದು ಬೆಂಕಿಪೊಟ್ಟಣ ಇಟ್ಟು, ಹಿಂದಿನ ವರ್ಷ ಮಗಳು ಕಂಡದ್ದನ್ನೆಲ್ಲ ಕೇಳಿಕೊಂಡು, ಗಿರಣಿಯಕ್ಕ ಯಾವ ಕಾಲಿನಲ್ಲಿ ತಿರುಗುತ್ತಾಳೆ, ಎಷ್ಟು ಹೆಜ್ಜೆ ಬಿಟ್ಟು ಹೊಡೆಯುತ್ತಾಳೆ, ಎಲ್ಲ ಹೇಳಿಕೊಟ್ಟ. ಅವನ ಮುಖ ಅಷ್ಟು ಬೆಳಗಿದ್ದನ್ನು ಜಿಗಣೆ ಹಿಂದೆಂದೂ ಕಂಡಿರಲಿಲ್ಲ. ಯಾರ ಹೆಸರಿನಲ್ಲಿ ಎಂದು ಮಾತ್ರ ಬಾಯಿಗೆ ಬರಲಿಲ್ಲ.

ಭಾನುವಾರ. ಎರಡು ದಿನದ ಮಳೆಗೆ ಮೈದಾನ ಕಲಸಿಟ್ಟ ಮಣ್ಣಾಗಿತ್ತು. ಜಿಗಣೆ ಮೊದಲ ಸಲ ನಂಬರಿರುವ ಅಂಗಿ ತೊಟ್ಟಳು. ಅಮ್ಮ ಒಗೆದು ಇಸ್ತ್ರಿ ಮಾಡಿದ್ದು. ಮೈಕಿನವನು ಅಧ್ಯಕ್ಷರ ಮಗಳ ಹೆಸರು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಆ ಹೆಸರಿಗೆ ಕೈಯೆತ್ತುವಾಗ ಅವಳ ಕಿವಿ ಬಿಸಿಯಾಯಿತು. ಗ್ಯಾಲರಿಯ ಬೆನ್ನಿನಲ್ಲಿ, ಕೋಣೆಯ ಬಾಗಿಲಲ್ಲಿ ನಿಂತು ಅಮ್ಮನೂ ಕೇಳಿಸಿಕೊಂಡಳು.

ಗಿರಣಿಯಕ್ಕ ಮೊದಲ ಚೆಂಡಿಗೇ ಮೈಮೇಲೆ ಬಂದಳು. ಜಿಗಣೆ ಜಾರಿ ಕಾಲು ಹಾಕಿ ಚೆಂಡು ಕಿತ್ತಳು. ಇಬ್ಬರೂ ಕೆಸರಿನಲ್ಲಿ ಉರುಳಿದರು. ಏಳುವಾಗ ಗಿರಣಿಯಕ್ಕ ಮುಖ ಹತ್ತಿರ ತಂದಳು.

"ಯಾರೇ ನೀನು? ನೀನು ಅವಳಲ್ಲ. ಅವಳಾಗಿದ್ರೆ ಇಷ್ಟೊತ್ತಿಗೆ ಅಪ್ಪನ್ನ ಕರೀತಿದ್ಲು."

"ಹೆಸರು ಕೇಳ್ಬೇಡ. ಚೆಂಡು ನೋಡು."

"ಅಯ್ಯೋ, ಬಾಯೂ ಇದೆ" ಎಂದು ಗಿರಣಿಯಕ್ಕ ಬೆನ್ನಿಗೊಂದು ಗುದ್ದಿ ಓಡಿದಳು.

ಜಿಗಣೆ ತೊಂಬತ್ತು ನಿಮಿಷ ಆ ಹೆಣ್ಣಿನ ಸೊಂಟ ನೋಡಿದಳು. ಬೇರೆ ಏನನ್ನೂ ನೋಡಲಿಲ್ಲ. ಅದು ಎಡಕ್ಕೆ ತಿರುಗುವ ಮೊದಲೇ ಎಡಕ್ಕಿದ್ದಳು, ಬಲಕ್ಕೆ ತಿರುಗುವ ಮೊದಲೇ ಬಲಕ್ಕಿದ್ದಳು. ಎಂಟು ಸಲ ಜಾರಿದಳು. ಬಲತೊಡೆಯ ಹೊರಗಿನ ಚರ್ಮ ಉಜ್ಜಿ ಕೆಂಪಾಯಿತು. ಒಂದು ಸಲ ತಲೆಗೆ ತಲೆ ತಾಗಿ ಹುಬ್ಬು ಒಡೆದು ರಕ್ತ ಕುತ್ತಿಗೆಯಿಂದಿಳಿದು ಅಂಗಿಯ ಎದೆಯವರೆಗೆ ಬಂತು. ಕೋಚ್ ನೀರು ಚಿಮುಕಿಸಿ, ಪಟ್ಟಿ ಒತ್ತಿ, ಹೋಗು ಅಂದ. ಎಪ್ಪತ್ತನೇ ನಿಮಿಷದಲ್ಲಿ ಕ್ಲಬ್ಬಿನ ಹತ್ತನೇ ನಂಬರಿನವಳು ಒಂದು ಗೋಲು ಹೊಡೆದಳು. ಕೊನೆಯ ನಿಮಿಷದಲ್ಲಿ ಗಿರಣಿಯಕ್ಕನ ಹೊಡೆತ ಗೋಲ್‌ಕೀಪರನ್ನು ದಾಟಿ ಹೋಯಿತು. ಸುಣ್ಣದ ಗೆರೆಯ ಮೇಲೆ ಅಡ್ಡ ಬಿದ್ದು ಜಿಗಣೆ ಅದನ್ನು ಎದೆಯಿಂದ ತಡೆದಳು. ಉಸಿರು ನಿಂತಂತಾಗಿ ಅಲ್ಲೇ ಬೋರಲು ಬಿದ್ದಿದ್ದಳು. ಮೇಲೆ ಮೈಕಿನಲ್ಲಿ ಇನ್ನೊಬ್ಬಳ ಹೆಸರನ್ನು ಕೂಗಿ ಕೂಗಿ ಹೇಳುತ್ತಿದ್ದರು.

ಸೀಟಿ ಊದಿದ್ದೇ ತಡ, ಕೋಚ್ ಅವಳನ್ನು ರಟ್ಟೆ ಹಿಡಿದು ಒಳಗೆ ಎಳೆದೊಯ್ದ. ಬೂಟು ಬಿಚ್ಚಿಸಿಕೊಂಡರು. ತಲೆಪಟ್ಟಿ ಬಿಚ್ಚಿಸಿಕೊಂಡರು. ಹಿಂಬಾಗಿಲಿನಿಂದ ಹೊರಗೆ ಬಿಟ್ಟರು. ಮುಂಬಾಗಿಲಿನಿಂದ ಐದನೇ ನಂಬರು ಹೊರಗೆ ಬಂದಳು, ಹೊಸ ಟ್ರ್ಯಾಕ್‌ಸೂಟು, ಹುಬ್ಬಿಗೆ ಪುಟ್ಟದೊಂದು ಬ್ಯಾಂಡೇಜು. ಅದನ್ನೂ ಮರೆತಿರಲಿಲ್ಲ ಪುಣ್ಯಾತ್ಮರು. ಪದಕ ಅವಳ ಕೊರಳಿಗೆ ಬಿತ್ತು. ಗಿರಣಿಯವರು ಅದನ್ನು ಕಂಡು, ಆಡಿದವಳು ಇವಳಲ್ಲ ಎಂದು ದೂರು ಕೊಟ್ಟರು. ದೂರು ಕೇಳುವ ಸಮಿತಿಗೂ ಅಧ್ಯಕ್ಷರು ಅವರೇ. ಸೋತವರ ಹೊಟ್ಟೆಕಿಚ್ಚು ಅಂತ ಬರೆದು ಮುಗಿಸಿದರು. ಆಮೇಲೆ ಭಾಷಣ ಮಾಡಿದರು. ಯಾವ ಭಾಷಣ ಎಂದು ಹೇಳಬೇಕಾಗಿಲ್ಲ.

ಅಂಗಿಯನ್ನು ಯಾರೂ ಕೇಳಿರಲಿಲ್ಲ. ಎಂದಿನಂತೆ ಅದು ಕೊಳೆಬಟ್ಟೆಯ ಚೀಲಕ್ಕೆ ಬಿತ್ತು.

ಸೋಮವಾರ ಬೆಳಿಗ್ಗೆ ಅಮ್ಮ ಚೀಲ ಸುರಿದಳು. ಸ್ಕೂಲಿಗೆ ಚಕ್ಕರ್ ಹಾಕಿದ್ದ ಜಿಗಣೆ ತೊಟ್ಟಿಯಲ್ಲಿದ್ದಳು. ಐದನೇ ನಂಬರು ಮೇಲೆ ಬಂತು. ಅವಳು ಅದನ್ನು ಬಿಡಿಸಿ ಹಿಡಿದಳು. ಬಲತೊಡೆಯವರೆಗೆ ಇಳಿದ ಅಂಚು ಪೂರಾ ಕೆಸರು. ಮೊಣಕೈ ಹರಿದಿತ್ತು. ಎದೆಯ ಮೇಲೆ ಅಡ್ಡಡ್ಡ ಸುಣ್ಣದ ಗೆರೆ, ಅದರ ಪಕ್ಕ ಒಣಗಿ ಕಂದಾದ ರಕ್ತ. ಬಹಳ ಹೊತ್ತು ನೋಡಿದಳು. ಪಂದ್ಯವಿಡೀ ನೋಡಿದಳು ಅನ್ನಬೇಕು.

"ಗೆರೆ ಮೇಲೆ ಬಿದ್ದೆ ಏನೇ ಕೊನೇಲಿ?"

"ಹೂಂ."

"ಉಸಿರು ಕಟ್ತಾ?"

"ಸ್ವಲ್ಪ."

ಅಷ್ಟರಲ್ಲಿ ಗುಮಾಸ್ತ ಬಾಗಿಲಿಗೆ ಬಂದ. ಜಿಗಣೆ ತೊಟ್ಟಿಯಿಂದ ಇಳಿದು, "ಸಾರ್, ಕಾರ್ಡಿಗೆ ಫೋಟೋ ತಂದಿದೀನಿ" ಅಂದಳು. ಹಿಂದಿನ ಸಂಜೆಯಷ್ಟೇ ತೆಗೆಸಿದ ಫೋಟೋ, ಹುಬ್ಬಿನ ಪಟ್ಟಿ ಸಮೇತ.

"ಯಾವ ಕಾರ್ಡು?" ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತಿಳಿದ ಮೇಲೆ ಹಲ್ಲು ಕಿರಿದ. "ಹುಚ್ಚಮ್ಮ, ಸಿಬ್ಬಂದಿ ಮಕ್ಕಳಿಗೆಲ್ಲಿ ಕಾರ್ಡು? ಸಾಹೇಬ್ರು ಯಾವುದೋ ಖುಷೀಲಿ ಹೇಳಿರ್ತಾರೆ. ಅದಿರ್ಲಿ, ಆ ಐದನೇ ನಂಬರು ಒಗೀಬೇಡಿ. ಹಾಗೇ ಬೇಕಂತೆ, ಕೊಳೆ ಸಮೇತ."

"ಕೊಳೆ ಸಮೇತ ಯಾಕೆ ಸಾರ್?" ಅಂದಳು ಅಮ್ಮ.

"ಗಾಜಿನ ಪೆಟ್ಟಿಗೇಲಿ ಹಾಕಿ ಕ್ಲಬ್ಬಿನ ಹಾಲ್‌ನಲ್ಲಿ ಇಡ್ತಾರೆ. ಮಗಳು ಕೆಸರಲ್ಲಿ ಬಿದ್ದು ಎದ್ದು ಗೆದ್ದಳು ಅನ್ನೋದಕ್ಕೆ ಗುರುತು. ರಕ್ತ ಇದೆಯಲ್ಲ, ಅದು ಮುಖ್ಯ. ನಾಲ್ಕು ಗಂಟೆಗೆ ಸನ್ಮಾನ. ಹನ್ನೊಂದಕ್ಕೆ ಬಂದು ತಗೊಂಡು ಹೋಗ್ತೀನಿ, ಮಡಚದೇ ಇಡಿ."

ಅವನು ಹೋದ. ಜಿಗಣೆ ಕೈಯಲ್ಲಿದ್ದ ಫೋಟೋ ನೋಡಿದಳು. ಹೆಸರು ತಗೊಂಡರು. ಪದಕ ತಗೊಂಡರು. ಆಟ ತಗೊಂಡರು. ಹೋಗಲಿ ಅಂದರೆ ಕೊಳೆಯೂ ಬೇಕಂತೆ. ಏಳು ವರ್ಷ ಈ ಜನದ ಕೊಳೆಯನ್ನು ಅಮ್ಮ ಚರ್ಮ ಸುಲಿದುಕೊಂಡು ತೆಗೆದಿದ್ದಾಳೆ. ಒಂದು ಸಲ, ಒಂದೇ ಒಂದು ಸಲ, ತನ್ನ ಮೈಯಿಂದ ಹುಟ್ಟಿದ ಕೊಳೆ ಆ ಅಂಗಿಗೆ ತಾಗಿದೆ. ಅದನ್ನೂ ಗಾಜಿನೊಳಗಿಟ್ಟು ತಮ್ಮದು ಅನ್ನುತ್ತಾರೆ. ಥೂ.

ಅವಳು ಅಂಗಿಯನ್ನು ಕಿತ್ತುಕೊಂಡು ಹಂಡೆಯ ಕಡೆ ನಡೆದಳು.

ಅಮ್ಮ ಅಡ್ಡ ಬಂದಳು. "ಏನೇ ಮಾಡ್ತಿದೀಯಾ? ಕೆಲಸ ಹೋಗತ್ತೆ ಕಣೇ. ನಿಮ್ಮಪ್ಪನ ಮಾತ್ರೆ?"

"ಒಗೀತಿದೀನಿ. ಇದು ಒಗೆಯೋ ಕೋಣೆ ತಾನೆ?"

"ಕೊಟ್ಟುಬಿಡೇ. ಒಂದು ಅಂಗಿ."

"ಅಂಗಿ ಅವರದೇ, ಕೊಡ್ತೀನಿ. ಇದು ನಂದು." ಎದೆಯ ಕಂದು ಕಲೆಯ ಮೇಲೆ ಬೆರಳಿಟ್ಟು ಹೇಳಿದಳು. ಬಿಸಿನೀರಿಗೆ ಅಂಗಿ ಅದ್ದಲು ಬಗ್ಗಿದಳು.

ಅಮ್ಮ ಅವಳ ಮುಂಗೈ ಹಿಡಿದಳು. ಬಿರುಕುಬಿಟ್ಟ ಆ ಕೈ ಮಗಳ ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದಿತ್ತು. ಮೂರು ಸಲ ಬರೆದುಕೊಟ್ಟ ಕಾಗದ ನೆನಪಾಯಿತೋ, ಏಣಿ ನೆನಪಾಯಿತೋ, ಅವಳು ಆಮೇಲೂ ಹೇಳಲಿಲ್ಲ.

"ರಕ್ತಕ್ಕೆ ಬಿಸಿನೀರು ಹಾಕ್ತಾರೇನೇ, ದಡ್ಡಿ. ಕೂತ್ಬಿಡತ್ತೆ. ತಣ್ಣೀರು ತಾ."

ಇಬ್ಬರೂ ಕೂತು ಒಗೆದರು. ಮೊದಲು ತಣ್ಣೀರು, ಆಮೇಲೆ ಉಪ್ಪು. ರಕ್ತ ಎಳೆ ಎಳೆಯಾಗಿ ಬಿಟ್ಟು ಚರಂಡಿಗೆ ಹರಿಯಿತು. ಸುಣ್ಣದ ಗೆರೆಯನ್ನು ಬ್ರಷ್ಷಿನಿಂದ ಉದುರಿಸಿದಳು ಅಮ್ಮ. ಕೆಸರಿಗೆ ಸೋಪು, ಹುಲ್ಲಿನ ಕಲೆಗೆ ಬೆರಳಿನಿಂದಲೇ ತಿಕ್ಕಿದಳು. ಹರಿದ ಮೊಣಕೈಯನ್ನು ನಾಲ್ಕು ಹೊಲಿಗೆ ಹಾಕಿ ಕೂಡಿಸಿದಳು. ಅಷ್ಟು ಅಚ್ಚುಕಟ್ಟಾಗಿ ಅವಳು ಯಾವ ಅಂಗಿಯನ್ನೂ ಒಗೆದಿರಲಿಲ್ಲ. ತಂತಿಯ ಮೇಲೆ ಹಾಕಿದಾಗ ಅದು ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು.

ಹನ್ನೊಂದಕ್ಕೆ ಗುಮಾಸ್ತ ಬಂದ. ನೋಡಿದ. ಓಡಿದ. ಅಧ್ಯಕ್ಷರು ಬಂದರು, ಈ ಸಲ ಷೂ ಒದ್ದೆಯಾಗುವುದನ್ನೂ ಲೆಕ್ಕಿಸದೆ ಒಳಗೇ ಬಂದರು.

"ಯಾರು ಒಗೆದದ್ದು?"

"ನಾನು" ಅಂದರು ಇಬ್ಬರೂ.

"ಒಗೀಬೇಡಿ ಅಂತ ಹೇಳಿರ್ಲಿಲ್ವಾ?"

"ಕೊಳೆ ಇತ್ತು ಸಾರ್" ಅಂದಳು ಅಮ್ಮ. "ಕೊಳೆ ತೆಗೆಯೋಕೆ ತಾನೆ ನನ್ನ ಇಟ್ಕೊಂಡಿರೋದು. ಕೊಳೆ ಇಟ್ಕೊಳ್ಳಿ ಅಂತ ನನ್ನ ಕೆಲಸದ ಪಟ್ಟೀಲಿ ಇಲ್ಲ."

ಅಧ್ಯಕ್ಷರ ಮುಖ ಕೆಂಪಾಗಿ ಕಪ್ಪಾಯಿತು. ಆದರೆ ನಾಲ್ಕು ಗಂಟೆಗೆ ಅತಿಥಿಗಳು. ಕೋಪ ನುಂಗಿ ಹುಡುಗಿಯ ಕಡೆ ತಿರುಗಿದರು. ಅದೇ ಬೆಣ್ಣೆ ದನಿ.

"ಆಯ್ತು, ತಪ್ಪಾಯ್ತು, ಬಿಡು. ನೀನು ಜಾಣೆ. ಇದನ್ನ ಹಾಕ್ಕೊಂಡು ಹೋಗಿ ಆ ಗೋಲಿನ ಹತ್ರ ಎರಡು ಸಲ ಜಾರಿ ಬಾ. ಐದು ನಿಮಿಷದ ಕೆಲಸ. ಕಾರ್ಡಿನ ವಿಷಯ ಸಾಯಂಕಾಲವೇ ಮಾತಾಡೋಣ."

ಜಿಗಣೆ ಅವರ ಮುಖ ನೋಡಲಿಲ್ಲ. ಸೊಂಟ ನೋಡಿದಳು. ದಪ್ಪ ಬೆಲ್ಟಿನ ಸೊಂಟ ಆಗಲೇ ಬಾಗಿಲಿಗೆ ತಿರುಗಿತ್ತು.

"ಆಗಲ್ಲ" ಅಂದಳು.

"ಏನು?"

"ಬೀಳಲ್ಲ. ನಿನ್ನೆ ಬಿದ್ದಿದ್ದು ಆಡೋಕೆ. ತೋರ್ಸೋಕೆ ಬೀಳೋದು ನಂಗೆ ಬರಲ್ಲ. ನಿಮ್ಮ ಮನೇಲೇ ಇದಾಳಲ್ಲ ಗೆದ್ದೋಳು. ಅವಳನ್ನ ಬೀಳ್ಸಿ."

"ನಾಳೆಯಿಂದ ಇಬ್ಬರೂ ಈ ಗೇಟಿನೊಳಗೆ ಕಾಲಿಡಬಾರದು."

"ನಾಳೆ ಯಾಕೆ ಸಾರ್," ಎಂದು ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಇವತ್ತೇ ಹೋಗ್ತೀವಿ. ಮೂರೂ ತೊಟ್ಟೀಲಿ ಬಟ್ಟೆ ನೆಂದಿದೆ. ಬ್ಲೀಚಿಂಗ್ ಹಾಕಾಗಿದೆ, ಜಾಸ್ತಿ ಹೊತ್ತು ಬಿಟ್ರೆ ನೂಲು ಸುಟ್ಟು ಹೋಗತ್ತೆ. ಯಾರಾದ್ರೂ ಕೈ ಹಾಕ್ಬೇಕು."

ಯಾರೂ ಕೈ ಹಾಕಲಿಲ್ಲ. ತಾಯಿ ಮಗಳು ಚಮಚ, ಲೋಟ, ಒಂದು ಹಳೆ ಟವೆಲು ಚೀಲಕ್ಕೆ ತುಂಬಿಕೊಂಡು ಮೈದಾನದ ಅಂಚಿನಲ್ಲಿ ನಡೆದರು. ಗೇಟಿನ ಹತ್ತಿರ ಜಿಗಣೆ ತಿರುಗಿ ನೋಡಿದಳು. ಗೋಲಿನ ಬಳಿ ಐದನೇ ನಂಬರು ನಿಂತಿದ್ದಳು, ಕೆಸರು ಕಂಡು ಮುಖ ಸಿಂಡರಿಸಿಕೊಂಡು, ಬೀಳಲಾರೆ ಎಂದು ಕಾಲು ಅಪ್ಪಳಿಸುತ್ತಿದ್ದಳು. ಅಧ್ಯಕ್ಷರು ಅಂಗಿಯನ್ನು ಹುಲ್ಲಿನ ಮೇಲೆ ಹಾಸಿ ಮಂಡಿಯೂರಿದ್ದರು. ಗುಮಾಸ್ತ ಕಚೇರಿಯ ಕಡೆಯಿಂದ ಮೊಹರಿನ ಕೆಂಪು ಇಂಕಿನ ಬಾಟಲಿ ಹಿಡಿದು ಓಡಿಬರುತ್ತಿದ್ದ.

ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಬೇಕಾಯಿತು. ಯಾರ ಹೆಸರಿನಲ್ಲಿ ಆಡಿದೆ ಎಂಬುದನ್ನೂ. ಅವನು ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಮೂರನೆಯ ದಿನ, "ಗೆರೆ ಮೇಲೆ ತಡೆದ್ಯಾ, ಗೆರೆ ದಾಟಿತ್ತಾ?" ಎಂದು ಕೇಳಿದ.

"ಗೆರೆ ಮೇಲೆ, ಅಪ್ಪ."

"ಹಾಗಾದ್ರೆ ಸರಿ" ಅಂದ.

ಸಿಹಿಯಾದದ್ದೇನೂ ಆಗಲಿಲ್ಲ ಆಮೇಲೆ. ಮಾತ್ರೆ ತಪ್ಪಿ ಅಪ್ಪ ನೋವಿಗೆ ನರಳಿದ. ಅಮ್ಮ ನಾಲ್ಕು ಮನೆ ಅಲೆದು, ಕೊನೆಗೆ ಒಂದು ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವ ಕೆಲಸ ಹಿಡಿದಳು. ಅಲ್ಲಿ ಕೈಗವಸು ಕೊಟ್ಟರು. ಜಿಗಣೆ ಸ್ಕೂಲು ಬಿಟ್ಟು ಗಿರಣಿ ಸೇರಿದಳು. ಗಿರಣಿಯಕ್ಕನೇ ಹುಡುಕಿಕೊಂಡು ಬಂದು ಕರೆದೊಯ್ದಿದ್ದಳು. ನೂಲಿನ ಧೂಳಿನಲ್ಲಿ ಎಂಟು ಗಂಟೆ ನಿಂತು, ಆಮೇಲೆ ಗಿರಣಿಯ ಹಿಂದಿನ ಕಲ್ಲುನೆಲದಲ್ಲಿ ಅಭ್ಯಾಸ. ಮೊದಲ ತಿಂಗಳು ರಾತ್ರಿ ಕಾಲು ಹಿಡಿದುಕೊಂಡು ಅತ್ತಳು. ಎರಡನೆಯ ತಿಂಗಳಲ್ಲಿ ಕಾರ್ಡು ಬಂತು. ಫೋಟೋ ಅದೇ, ಹುಬ್ಬಿನ ಪಟ್ಟಿ ಸಮೇತ. ಕೆಳಗೆ ಅವಳ ಹೆಸರು.

ಮುಂದಿನ ಸೀಸನ್ನಿನಲ್ಲಿ ಗಿರಣಿಯ ತಂಡಕ್ಕೆ ಕ್ಲಬ್ಬಿನ ಮೈದಾನದಲ್ಲೇ ಪಂದ್ಯ ಬಿತ್ತು. ಹೊರಗಿನ ತಂಡದವರು ಬಟ್ಟೆ ಬದಲಿಸುವ ಕೋಣೆಯಿಂದ ಮೈದಾನಕ್ಕೆ ಬರಲು ಕ್ಲಬ್ಬಿನ ಹಾಲ್ ದಾಟಬೇಕು. ಹಾಲ್‌ನ ನಡುವೆ ಗಾಜಿನ ಪೆಟ್ಟಿಗೆ, ದೀಪ ಹಾಕಿ ಇಟ್ಟಿದ್ದರು. ಒಳಗೆ ಐದನೇ ನಂಬರು. ಕೆಳಗೆ ಹಿತ್ತಾಳೆಯ ಫಲಕ, ಅದರ ಮೇಲೆ ಅದೇ ಭಾಷಣ.

ಗಿರಣಿಯಕ್ಕ ನಿಂತಳು. ಮೂಗನ್ನು ಗಾಜಿಗೆ ಒತ್ತಿದಳು.

"ಬನ್ರೇ ಇಲ್ಲಿ. ಇದು ಬಿದ್ದ ಕೆಸರೇನ್ರೇ?"

ಹನ್ನೊಂದು ಹುಡುಗಿಯರೂ ಸುತ್ತ ನಿಂತರು. ಎಲ್ಲರೂ ಕೆಸರಿನಲ್ಲಿ ಬಿದ್ದು ಎದ್ದವರು. ತೊಡೆಯ ಕಡೆ ಅಂಚು ಬೆಳ್ಳಗಿತ್ತು. ಮೊಣಕೈ ಬೆಳ್ಳಗಿತ್ತು, ಅಲ್ಲಿ ಅಮ್ಮನ ನಾಲ್ಕು ಹೊಲಿಗೆ. ರಕ್ತ ಎಂದು ಹಾಕಿದ್ದು ಹರಡಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕೆಸರೆಲ್ಲ ಎದೆಯ ಮೇಲೆ ಒಂದೇ ಕಡೆ. ಮೇಲಿನಿಂದ ಕೆಳಗೆ ಬಳಿದದ್ದು. ಅದರಲ್ಲಿ ಐದು ಬೆರಳು ಎದ್ದು ಕಾಣುತ್ತಿದ್ದವು.

ಜಿಗಣೆ ತನ್ನ ಬಲಗೈಯನ್ನು ಗಾಜಿನ ಮೇಲೆ, ಆ ಗುರುತಿಗೆ ಸರಿಯಾಗಿ ಇಟ್ಟಳು. ಒಳಗಿನ ಕೈ ಅಗಲವಾಗಿತ್ತು. ಬೆರಳು ದಪ್ಪ. ಉಂಗುರದ ಬೆರಳಿನ ಬುಡದಲ್ಲಿ ಕೆಸರು ತಾಗದ ಒಂದು ಅಗಲವಾದ ಪಟ್ಟಿ ಬೆಳ್ಳಗೆ ಉಳಿದಿತ್ತು.

ಅಡುಗೆಯವಳ ಮಗಳು, ಕಾವಲುಗಾರನ ಮಕ್ಕಳು ಹಳದಿ ಬನಿಯನ್ ತೊಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರಲ್ಲಿ ಚಿಕ್ಕವಳು ಹತ್ತಿರ ಬಂದು, "ನಮಗೆಲ್ಲ ಗೊತ್ತಕ್ಕ" ಅಂದಳು. "ದಿನಾ ನೋಡ್ತೀವಿ."

ಗಿರಣಿಯಕ್ಕ ಮೊದಲು ನಕ್ಕಳು. ಆಮೇಲೆ ಎಲ್ಲರೂ. ಹಾಲ್‌ನ ಛಾವಣಿಗೆ ಹೊಡೆದು ಬರುವ ಹಾಗೆ ನಕ್ಕರು. ಗುಮಾಸ್ತ ಕಚೇರಿಯಿಂದ ತಲೆ ಹಾಕಿ, ಯಾಕೆ ಎಂದು ಕೇಳದೆ ಒಳಗೆ ಎಳೆದುಕೊಂಡ.

ಹೊರಗೆ ಮೈಕಿನವನು ಗಿರಣಿಯ ತಂಡದ ಪಟ್ಟಿ ಓದತೊಡಗಿದ. ನಾಲ್ಕನೇ ನಂಬರಿಗೆ ಬಂದಾಗ ಒಂದು ಹೆಸರು ಕೂಗಿದ. ಜಿಗಣೆ ತಿರುಗಿ ನೋಡಲಿಲ್ಲ. ಗಿರಣಿಯಕ್ಕ ಬೆನ್ನಿಗೆ ಗುದ್ದಿ, "ನಿನ್ನೇ ಕಣೇ ಕರೀತಿರೋದು" ಅಂದಳು.

ಅವಳು ಕೈಯೆತ್ತಿ ಮೈದಾನಕ್ಕೆ ಓಡಿದಳು. ಅಪ್ಪನ ಕೈ ತಪ್ಪಿದ ಸುಣ್ಣದ ಗೆರೆ ಸೊಟ್ಟಗಿತ್ತು.